ಲ್ಯಾಪ್‌ಟಾಪ್ ಫ್ಯಾಕ್ಟರಿ ರಿಸೆಟ್: ತಯಾರಿಯಿಂದ ಕೊನೆಯ ಹಂತದವರೆಗೆ

ಲ್ಯಾಪ್‌ಟಾಪ್ ರಿಸೆಟ್ ಮಾಡಲು, ಅಂದರೆ ಅದರ ಮೂಲ ತಂತ್ರಾಂಶವನ್ನು ಹೊಸದಾಗಿ ಕೂರಿಸಲು, ನಾಲ್ಕೈದು ಕ್ಲಿಕ್ ಸಾಕು. ಜನ ಎಡವುವುದು ಆ ಕ್ಲಿಕ್‌ಗಳ ನಡುವೆ ಕಂಪ್ಯೂಟರ್ ಕೇಳುವ ಪ್ರಶ್ನೆಗಳಲ್ಲಿ. ಫೈಲ್‌ಗಳನ್ನು ಉಳಿಸಲೋ ಎಲ್ಲ ಅಳಿಸಲೋ, ವಿಂಡೋಸನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಲೋ ಇದ್ದದ್ದನ್ನೇ ಬಳಸಲೋ, ಒಂದೇ ಡ್ರೈವ್ ಸಾಕೋ ಎಲ್ಲ ಡ್ರೈವ್‌ಗಳೋ ಎಂದು ಅದು ಒಂದಾದ ಮೇಲೊಂದು ಕೇಳುತ್ತದೆ. ಅರ್ಥವಾಗದಿದ್ದರೂ 'ನೆಕ್ಸ್ಟ್' ಒತ್ತುತ್ತಾ ಹೋದರೆ ಮಕ್ಕಳ ಫೋಟೊ, ವರ್ಷಗಟ್ಟಲೆಯ ಲೆಕ್ಕಪತ್ರ ಮತ್ತೆ ಸಿಗದಂತೆ ಹೋಗಬಹುದು. ಇಲ್ಲವೇ, ಮಾರಿದ ಲ್ಯಾಪ್‌ಟಾಪಿನಲ್ಲಿ ಅವೆಲ್ಲ ಹಾಗೇ ಉಳಿದು ಬೇರೆಯವರ ಕೈ ಸೇರಬಹುದು. ಹಾಗಾಗಿ ಈ ಬರಹದ ದೊಡ್ಡ ಪಾಲು ರಿಸೆಟ್ ಬಟನ್ ಒತ್ತುವುದಕ್ಕೆ ಮುಂಚಿನ ಕೆಲಸಕ್ಕೇ ಮೀಸಲು.

ಮೊದಲು ಒಂದು ವಿಷಯ ತೀರ್ಮಾನವಾಗಬೇಕು: ರಿಸೆಟ್ ಮಾಡುತ್ತಿರುವುದು ನೀವೇ ಬಳಸುವುದಕ್ಕೋ, ವೈರಸ್ ತೊಲಗಿಸುವುದಕ್ಕೋ, ಬೇರೆಯವರಿಗೆ ಕೊಡುವುದಕ್ಕೋ? ಮುಂದೆ ಬರುವ ಪ್ರತಿ ಪ್ರಶ್ನೆಗೂ ಉತ್ತರ ಇದರ ಮೇಲೆ ನಿಂತಿದೆ.

ರಿಸೆಟ್ ನಿಜವಾಗಿ ಬೇಕೇ?

ಬರೀ ನಿಧಾನವಾಗಿದೆ ಎಂಬ ಕಾರಣಕ್ಕೆ ರಿಸೆಟ್‌ಗೆ ಕೈ ಹಾಕುವವರು ಬಹಳ. ಸಿ ಡ್ರೈವ್ ತುಂಬಿದೆಯೇ, ಆನ್ ಮಾಡಿದ ಕೂಡಲೇ ತಾವಾಗಿ ತೆರೆದುಕೊಳ್ಳುವ ಆ್ಯಪ್‌ಗಳು ಎಷ್ಟಿವೆ ಎಂದು ಒಮ್ಮೆ ನೋಡಿ. ಟಾಸ್ಕ್ ಮ್ಯಾನೇಜರ್‌ನ 'ಸ್ಟಾರ್ಟ್‌ಅಪ್' ವಿಭಾಗದಲ್ಲಿ ಬೇಡದವನ್ನು ನಿಲ್ಲಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ಆದರೆ, ರಿಸೆಟ್‌ಗಿಂತ ಅದರ ಜಾಗಕ್ಕೆ ಎಸ್‌ಎಸ್‌ಡಿ (ಚಿಪ್‌ಗಳಿಂದಾದ ವೇಗದ ಡಿಸ್ಕ್) ಹಾಕಿಸುವುದೇ ದೊಡ್ಡ ಗುಣ ಕೊಡುತ್ತದೆ. ಡಿಸ್ಕ್ ಸಾಯುತ್ತಿದ್ದರೆ, ರ‍್ಯಾಮ್ ಕೆಟ್ಟಿದ್ದರೆ, ಫ್ಯಾನ್ ತಿರುಗದೆ ಬಿಸಿಯಾಗುತ್ತಿದ್ದರೆ ರಿಸೆಟ್‌ನಿಂದ ಏನೂ ಪ್ರಯೋಜನವಿಲ್ಲ.

ಮೊನ್ನೆ ಹಾಕಿದ ಡ್ರೈವರ್‌ನಿಂದ (ಹಾರ್ಡ್‌ವೇರನ್ನು ನಡೆಸುವ ಸಣ್ಣ ತಂತ್ರಾಂಶ) ತೊಂದರೆ ಶುರುವಾಗಿದ್ದರೆ 'ಸಿಸ್ಟಮ್ ರಿಸ್ಟೋರ್' ಮೂಲಕ ಹಿಂದಿನ ಸ್ಥಿತಿಗೆ ಮರಳಬಹುದು. ವಿಂಡೋಸ್ 11 ಬಳಸುವವರಿಗೆ ಇನ್ನೊಂದು ದಾರಿಯೂ ಇದೆ. ಸೆಟ್ಟಿಂಗ್ಸ್‌ನ 'ಸಿಸ್ಟಮ್', ಅದರೊಳಗೆ 'ರಿಕವರಿ'ಗೆ ಹೋದರೆ, ವಿಂಡೋಸ್ ಅಪ್‌ಡೇಟ್ ಬಳಸಿ ತೊಂದರೆ ಸರಿಪಡಿಸುವ ಆಯ್ಕೆಯ ಎದುರು 'ರೀಇನ್‌ಸ್ಟಾಲ್ ನೌ' ಎಂಬ ಬಟನ್ ಕಾಣುತ್ತದೆ. ಅದು ವಿಂಡೋಸನ್ನಷ್ಟೇ ಹೊಸದಾಗಿ ಹಾಕಿ ನಿಮ್ಮ ಫೈಲ್, ಆ್ಯಪ್, ಸೆಟ್ಟಿಂಗ್ ಎಲ್ಲವನ್ನೂ ಹಾಗೇ ಬಿಡುತ್ತದೆ. ನಿಮ್ಮದೇ ಬಳಕೆಯ ಲ್ಯಾಪ್‌ಟಾಪ್ ಆಗಿದ್ದರೆ ನನ್ನ ಸಲಹೆ, ಮೊದಲು ಇದನ್ನು ಮಾಡಿ ನೋಡಿ.

'ಫ್ಯಾಕ್ಟರಿ' ಎಂಬ ಪದ ನಂಬಿ ಕೊಂಡ ದಿನದ ಸ್ಥಿತಿಯೇ ಮರಳುತ್ತದೆ ಎಂದುಕೊಳ್ಳಬೇಡಿ. ವಿಂಡೋಸ್ 10 ಇದ್ದ ಲ್ಯಾಪ್‌ಟಾಪನ್ನು 11ಕ್ಕೆ ಏರಿಸಿದ್ದರೆ ರಿಸೆಟ್ ಆದ ಮೇಲೆ ಸಿಗುವುದು 11ನೇ. ಬಯೋಸ್‌ಗೆ (ವಿಂಡೋಸ್ ತೆರೆಯುವ ಮುಂಚೆಯೇ ಓಡುವ ತಂತ್ರಾಂಶ) ಹಾಕಿದ ಪಾಸ್‌ವರ್ಡ್ ರಿಸೆಟ್‌ನಿಂದ ಅಳಿಯುವುದಿಲ್ಲ. ಲ್ಯಾಪ್‌ಟಾಪ್ ಕೊಡುವವರು ಅದನ್ನು ಕೈಯಾರೆ ತೆಗೆದೇ ಕೊಡಬೇಕು.

ಬ್ಯಾಕಪ್: ಕಣ್ಣಿಗೆ ಕಾಣದ್ದೇ ಮುಖ್ಯ

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವೀಡಿಯೋಸ್ ಫೋಲ್ಡರ್‌ಗಳನ್ನು ಯಾರೂ ಮರೆಯುವುದಿಲ್ಲ. ಅವನ್ನು ಬಾಹ್ಯ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ನಕಲು ಮುಗಿದ ಮೇಲೆ ಆ ಡಿಸ್ಕನ್ನು ಸಾಧ್ಯವಾದರೆ ಬೇರೊಂದು ಕಂಪ್ಯೂಟರಿಗೆ ಚುಚ್ಚಿ, ಒಂದು ಫೋಟೊ, ಒಂದು ವಿಡಿಯೊ, ಒಂದು ವರ್ಡ್ ಫೈಲ್ ತೆರೆದು ನೋಡಿ. ಫೋಲ್ಡರಿನ ಹೆಸರು ಕಂಡ ಮಾತ್ರಕ್ಕೆ ಒಳಗಿನದೆಲ್ಲ ಸರಿಯಾಗಿ ಬಂದಿದೆ ಎಂದಲ್ಲ.

ಕೈ ತಪ್ಪುವುದು ಬೇರೆ ವಸ್ತುಗಳು. ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು 'ಆ್ಯಪ್‌ಡೇಟಾ' ಎಂಬ ಅಡಗಿದ ಫೋಲ್ಡರಿನಲ್ಲಿರುತ್ತವೆ. ಸಿಂಕ್ (ಅವು ನಿಮ್ಮ ಖಾತೆಗೆ ತಾವಾಗಿ ನಕಲಾಗುವ ಸೌಲಭ್ಯ) ಆನ್ ಇದೆಯೇ ನೋಡಿ, ಇಲ್ಲದಿದ್ದರೆ ಬುಕ್‌ಮಾರ್ಕ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಔಟ್‌ಲುಕ್‌ನಲ್ಲಿ ಹಳೆಯ ಮೇಲ್‌ಗಳನ್ನು ಪಿಎಸ್‌ಟಿ ಫೈಲ್‌ನಲ್ಲಿ ಇಟ್ಟಿದ್ದರೆ ಅದು ಸರ್ವರ್‌ನಲ್ಲಿ ಇರಲಿಕ್ಕಿಲ್ಲ, ಈ ಡಿಸ್ಕಿನಲ್ಲಿ ಮಾತ್ರ ಇರಬಹುದು. ಅಕೌಂಟಿಂಗ್ ತಂತ್ರಾಂಶಗಳು ತಮ್ಮ ಡೇಟಾವನ್ನು ಸಿ ಡ್ರೈವಿನಲ್ಲಿ ತಮ್ಮದೇ ಫೋಲ್ಡರ್ ಮಾಡಿಕೊಂಡು ಇಡುವುದುಂಟು. ತಂತ್ರಾಂಶದೊಳಗಿನ ಬ್ಯಾಕಪ್ ಆಯ್ಕೆಯನ್ನೇ ಬಳಸುವುದು ಕ್ಷೇಮ. ಕಂಪ್ಯೂಟರಿನಲ್ಲೇ ಸೇರಿಸಿಟ್ಟ ಡಿಜಿಟಲ್ ಸಹಿಯ ಸರ್ಟಿಫಿಕೇಟ್ ಇದ್ದರೆ ಅದರ ಖಾಸಗಿ ಕೀ ಸಮೇತ ಎಕ್ಸ್‌ಪೋರ್ಟ್ ಆಗಬೇಕು, ಇಲ್ಲವಾದರೆ ಹೊಸದನ್ನೇ ಪಡೆಯಬೇಕಾಗುತ್ತದೆ. ನೀವೇ ಹಾಕಿಕೊಂಡ ಫಾಂಟ್‌ಗಳನ್ನೂ ಎತ್ತಿಡಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್, ಆ ಫಾಂಟ್ ಇಲ್ಲದೆ ತೆರೆದರೆ ಬರೀ ಗೋಜಲು ಅಕ್ಷರಗಳಾಗಿ ಕಾಣುತ್ತದೆ.

ಒನ್‌ಡ್ರೈವ್ ಬಳಸುವವರು ಫೈಲ್ ಪಕ್ಕದ ಚಿಹ್ನೆ ಗಮನಿಸಿ. ಮೋಡದ ಚಿತ್ರವಿದ್ದರೆ ಫೈಲ್ ಇರುವುದು ಆನ್‌ಲೈನ್‌ನಲ್ಲಿ ಮಾತ್ರ, ರಿಸೆಟ್‌ನಿಂದ ಅದಕ್ಕೆ ಭಯವಿಲ್ಲ. ಎರಡು ಬಾಣಗಳು ಸುತ್ತುತ್ತಿದ್ದರೆ ಅದು ಇನ್ನೂ ಮೇಲೆ ಹೋಗಿ ಮುಗಿದಿಲ್ಲ ಎಂದರ್ಥ. ಮುಗಿಯುವವರೆಗೆ ಕಾಯಿರಿ.

ಬಿಟ್‌ಲಾಕರ್ ಕೀ ಕೈಯಲ್ಲಿರಲಿ

ಇದೊಂದನ್ನು ಮಾತ್ರ ದಯವಿಟ್ಟು ಹಾರಿಸಬೇಡಿ. ಇಂದಿನ ಬಹುತೇಕ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದ ಕೂಡಲೇ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ಈ ವ್ಯವಸ್ಥೆಯ ಹೆಸರೇ ಬಿಟ್‌ಲಾಕರ್. ಬಳಸುವವರಿಗೆ ಅದರ ಸುಳಿವೂ ಇರುವುದಿಲ್ಲ. ವಿಂಡೋಸ್ ತೆರೆಯದೆ ಹೋದಾಗ, ನೀಲಿ ಪರದೆಯ ರಿಕವರಿ ಮೆನುವಿನಿಂದ ರಿಸೆಟ್‌ಗೆ ಹೊರಟಾಗ, ಅದು 48 ಅಂಕಿಗಳ ರಿಕವರಿ ಕೀ ಕೇಳಿಬಿಡುತ್ತದೆ. ಆಗ ಹುಡುಕಲು ಹೊರಟರೆ ತಲೆಬಿಸಿ.

ಆರಾರು ಅಂಕಿಗಳ ಎಂಟು ಗುಂಪುಗಳಲ್ಲಿರುವ ಈ ಕೀ, ಮೈಕ್ರೋಸಾಫ್ಟ್ ಖಾತೆಯ ಜಾಲತಾಣದ 'ಡಿವೈಸಸ್' ಭಾಗದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಫೋನಿನಿಂದಲೂ ನೋಡಬಹುದು. ಹಲವು ಕೀಗಳು ಪಟ್ಟಿಯಾಗಿದ್ದರೆ, ಪರದೆಯ ಮೇಲೆ ಕಾಣುವ 'ಕೀ ಐಡಿ'ಯ ಮೊದಲ 8 ಅಕ್ಷರಗಳಿಗೆ ಯಾವುದು ಹೊಂದುತ್ತದೋ ಅದೇ ನಿಮ್ಮದು. ಕಾಗದದ ಮೇಲೆ ಬರೆದಿಡಿ. ಲ್ಯಾಪ್‌ಟಾಪಿನಲ್ಲೇ ನೋಟ್‌ಪ್ಯಾಡ್ ತೆರೆದು ಬರೆದಿಟ್ಟರೆ, ಬೇಕಾದ ಹೊತ್ತಿಗೆ ಅದೇ ತೆರೆಯುವುದಿಲ್ಲ.

ಇದರ ಜೊತೆಗೆ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ನಿಜವಾಗಿ ನೆನಪಿದೆಯೇ ಎಂದು ಖಚಿತಪಡಿಸಿಕೊಳ್ಳಿ. ದಿನಾ ಪಿನ್ ಒತ್ತಿ ಒಳಹೋಗುವವರಿಗೆ ಪಾಸ್‌ವರ್ಡ್ ಮರೆತೇಹೋಗಿರುತ್ತದೆ, ಆದರೆ ರಿಸೆಟ್ ಆದ ಮೇಲೆ ಹಳೆಯ ಪಿನ್ ಕೆಲಸಕ್ಕೆ ಬರುವುದಿಲ್ಲ. ವೈಫೈ ಪಾಸ್‌ವರ್ಡ್ ಕೂಡ ಬರೆದುಕೊಳ್ಳಿ. ವಿಂಡೋಸ್‌ಗೆ ಲೈಸೆನ್ಸ್ ಕೀ ಬೇಡ. ಅದರ ಡಿಜಿಟಲ್ ಲೈಸೆನ್ಸ್ ಲ್ಯಾಪ್‌ಟಾಪಿನ ಹಾರ್ಡ್‌ವೇರ್‌ಗೆ ಅಂಟಿಕೊಂಡಿರುವುದರಿಂದ ಇಂಟರ್‌ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಆಫೀಸ್, ವಿನ್ಯಾಸದ ತಂತ್ರಾಂಶ ಮುಂತಾದವು ಹಾಗಲ್ಲ. ಅವುಗಳ ಕೀ ಅಥವಾ ಖಾತೆಯ ವಿವರ ಬೇಕು. ಇಷ್ಟೇ ಕಂಪ್ಯೂಟರುಗಳೆಂದು ಮಿತಿಯಿರುವ ತಂತ್ರಾಂಶವಾದರೆ ಮೊದಲೇ ಸೈನ್‌ಔಟ್ ಮಾಡಿಬಿಡಿ.

ಇನ್ನೊಂದು: ರಿಸೆಟ್‌ಗೆ ಮುಂಚೆ ವಿಂಡೋಸ್ ಅಪ್‌ಡೇಟ್ ಮುಗಿಸಿ. 2025ರ ಆಗಸ್ಟ್‌ನಲ್ಲಿ ಬಂದ ಭದ್ರತಾ ಅಪ್‌ಡೇಟ್ ಹಾಕಿಕೊಂಡ ಮೇಲೆ ವಿಂಡೋಸ್ 10 ಮತ್ತು 11ರ ಕೆಲವು ಆವೃತ್ತಿಗಳಲ್ಲಿ ರಿಸೆಟ್ಟೇ ವಿಫಲವಾಗುತ್ತಿತ್ತು. ಮೈಕ್ರೋಸಾಫ್ಟ್ ಅದೇ ತಿಂಗಳು ತುರ್ತು ಅಪ್‌ಡೇಟ್ ಕೊಟ್ಟು ಸರಿಪಡಿಸಿತು. ಅಕ್ಟೋಬರ್‌ನಲ್ಲಿ ಮತ್ತೊಂದು ಅಪ್‌ಡೇಟ್‌ನಿಂದ ವಿಂಡೋಸ್ 11ರ ರಿಕವರಿ ಮೆನುವಿನಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಕೆಲಸ ಮಾಡದೆ ಹೋದವು. ಅದಕ್ಕೂ ಕೆಲವೇ ದಿನಗಳಲ್ಲಿ ಪರಿಹಾರ ಬಂತು. ಅರ್ಧಂಬರ್ಧ ಅಪ್‌ಡೇಟ್ ಆದ ಯಂತ್ರದಲ್ಲಿ ರಿಸೆಟ್ ಶುರು ಮಾಡುವುದು ಬೇಡ.

ವಿಂಡೋಸ್ 10, 11: ಹಂತ ಹಂತವಾಗಿ

ಚಾರ್ಜರ್ ಚುಚ್ಚಿ. ಪೆನ್‌ಡ್ರೈವ್, ಬ್ಯಾಕಪ್ ಡಿಸ್ಕ್, ಮೆಮರಿ ಕಾರ್ಡ್ ಎಲ್ಲವನ್ನೂ ಹೊರತೆಗೆಯಿರಿ. ಈಗ ಶುರು ಮಾಡೋಣ.

1. ವಿಂಡೋಸ್ ಕೀ ಜೊತೆ ಐ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. ವಿಂಡೋಸ್ 11ರಲ್ಲಿ 'ಸಿಸ್ಟಮ್', ನಂತರ 'ರಿಕವರಿ'. ವಿಂಡೋಸ್ 10ರಲ್ಲಿ 'ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ', ನಂತರ 'ರಿಕವರಿ'.

2. 'ರಿಸೆಟ್ ದಿಸ್ ಪಿಸಿ' ಎದುರಿನ ಬಟನ್ ಒತ್ತಿ.

3. 'ಕೀಪ್ ಮೈ ಫೈಲ್ಸ್' ಅಥವಾ 'ರಿಮೂವ್ ಎವ್ರಿಥಿಂಗ್' ಎಂದು ಕೇಳುತ್ತದೆ. ಮೊದಲನೆಯದು ನಿಮ್ಮ ಬಳಕೆದಾರ ಫೋಲ್ಡರಿನಲ್ಲಿರುವ ಫೈಲ್‌ಗಳನ್ನು ಬಿಟ್ಟು, ನೀವು ಹಾಕಿಕೊಂಡ ತಂತ್ರಾಂಶಗಳನ್ನೂ ಸೆಟ್ಟಿಂಗ್‌ಗಳನ್ನೂ ತೆಗೆಯುತ್ತದೆ. ಹೋದ ತಂತ್ರಾಂಶಗಳ ಪಟ್ಟಿಯನ್ನು ಡೆಸ್ಕ್‌ಟಾಪಿನ ಮೇಲೆ ಇಟ್ಟಿರುತ್ತದೆ, ಅದು ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ. ಹಾಗೆಂದು ಇದನ್ನೇ ಬ್ಯಾಕಪ್ ಎಂದು ನಂಬಬೇಡಿ. ಲ್ಯಾಪ್‌ಟಾಪ್ ಬೇರೆಯವರಿಗೆ ಹೋಗುವುದಾದರೆ, ಅಥವಾ ವೈರಸ್ ಹೊಕ್ಕಿದ್ದರೆ, 'ರಿಮೂವ್ ಎವ್ರಿಥಿಂಗ್' ಬಿಟ್ಟು ಬೇರೆ ಮಾತಿಲ್ಲ.

4. ಮುಂದಿನ ಪ್ರಶ್ನೆ 'ಕ್ಲೌಡ್ ಡೌನ್‌ಲೋಡ್' ಅಥವಾ 'ಲೋಕಲ್ ರೀಇನ್‌ಸ್ಟಾಲ್'. ಮೊದಲನೆಯದರಲ್ಲಿ ವಿಂಡೋಸ್ ಹೊಸದಾಗಿ ಇಂಟರ್‌ನೆಟ್‌ನಿಂದ ಇಳಿಯುತ್ತದೆ. 4 ಜಿಬಿಗಿಂತ ಹೆಚ್ಚು ಡೇಟಾ ಖರ್ಚಾಗಬಹುದು. ಎರಡನೆಯದು ಡಿಸ್ಕಿನಲ್ಲಿರುವ ಫೈಲ್‌ಗಳಿಂದಲೇ ವಿಂಡೋಸನ್ನು ಮತ್ತೆ ಕಟ್ಟುತ್ತದೆ. ಇಂಟರ್‌ನೆಟ್ ಚೆನ್ನಾಗಿದ್ದರೆ ಕ್ಲೌಡ್ ಆರಿಸಿ. ಡಿಸ್ಕಿನಲ್ಲಿರುವ ಫೈಲ್‌ಗಳೇ ಕೆಟ್ಟಿದ್ದರೆ, ಅವುಗಳಿಂದ ಕಟ್ಟಿದ್ದೂ ಕೆಟ್ಟದ್ದೇ ಆಗುತ್ತದೆ.

5. ಈಗ 'ಚೇಂಜ್ ಸೆಟ್ಟಿಂಗ್ಸ್' ಎಂಬ ಸಣ್ಣ ಕೊಂಡಿ ಕಾಣುತ್ತದೆ. ಅದನ್ನು ನೋಡದೆ ಮುಂದೆ ಹೋಗಬೇಡಿ. ಅದರ ವಿವರ ಕೆಳಗಿದೆ.

6. ಏನೇನು ಆಗಲಿದೆ ಎಂಬ ಸಾರಾಂಶ ತೋರಿಸುತ್ತದೆ. ಪೂರ್ತಿ ಓದಿ, 'ರಿಸೆಟ್' ಒತ್ತಿ. ಇಲ್ಲಿಂದ ಮುಂದೆ ವಾಪಸ್ ಬರುವ ದಾರಿ ಇಲ್ಲ.

ಎಸ್‌ಎಸ್‌ಡಿ ಇದ್ದರೆ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯಬಹುದು, ಹಾರ್ಡ್ ಡಿಸ್ಕ್ ಆದರೆ ಹಲವು ಗಂಟೆ. ನಡುವೆ ಕೆಲವು ಸಲ ರೀಸ್ಟಾರ್ಟ್ ಆಗುತ್ತದೆ, ಶೇಕಡಾವಾರು ಅಂಕಿ ಒಂದೇ ಕಡೆ ಬಹಳ ಹೊತ್ತು ನಿಂತಂತೆ ಕಾಣುತ್ತದೆ. ಗಾಬರಿಯಾಗಿ ಪವರ್ ಬಟನ್ ಒತ್ತಿದರೆ ವಿಂಡೋಸ್ ಅರ್ಧದಲ್ಲೇ ನಿಂತು, ಲ್ಯಾಪ್‌ಟಾಪ್ ತೆರೆಯದಂತಾಗಬಹುದು. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡುವುದು ಒಳ್ಳೆಯದು.

'ಚೇಂಜ್ ಸೆಟ್ಟಿಂಗ್ಸ್' ಒಳಗೆ ಏನಿದೆ

ಯಾರೂ ತೆರೆಯದ ಈ ಜಾಗದಲ್ಲೇ ಮುಖ್ಯ ನಿರ್ಧಾರಗಳಿವೆ.

'ಕ್ಲೀನ್ ಡೇಟಾ' ಎಂಬುದು ಸಾಮಾನ್ಯವಾಗಿ ಆಫ್ ಇರುತ್ತದೆ. ಆಫ್ ಇದ್ದಾಗ ಫೈಲ್‌ಗಳು ಪಟ್ಟಿಯಿಂದ ಹೋಗುತ್ತವೆಯೇ ಹೊರತು ಡಿಸ್ಕಿನ ಮೇಲಿನ ಅವುಗಳ ಗುರುತು ತಕ್ಷಣ ಅಳಿಸಿಹೋಗುವುದಿಲ್ಲ. ಪುಸ್ತಕದ ಪರಿವಿಡಿಯ ಹಾಳೆ ಹರಿದು, ಒಳಗಿನ ಅಧ್ಯಾಯಗಳನ್ನು ಹಾಗೇ ಬಿಟ್ಟಂತೆ. ಫೈಲ್ ಮರಳಿ ಪಡೆಯುವ ತಂತ್ರಾಂಶ ಗೊತ್ತಿದ್ದವರು, ಅದರಲ್ಲೂ ಹಾರ್ಡ್ ಡಿಸ್ಕಿನಿಂದ, ಅವನ್ನು ಎತ್ತಬಲ್ಲರು. ನೀವೇ ಬಳಸುವುದಾದರೆ ಆಫ್ ಇರಲಿ, ಕೆಲಸ ಬೇಗ ಮುಗಿಯುತ್ತದೆ. ಕೊಡುವುದಾದರೆ ಆನ್ ಮಾಡಿ, ಎಷ್ಟು ಹೊತ್ತಾದರೂ ಸರಿ.

'ಡಿಲೀಟ್ ಫೈಲ್ಸ್ ಫ್ರಮ್ ಆಲ್ ಡ್ರೈವ್ಸ್' ಇನ್ನೊಂದು. ಒಂದೇ ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿ, ಫೈಲ್‌ಗಳನ್ನು ಡಿಯಲ್ಲಿ ಇಟ್ಟಿರುವವರು ಬಹಳ ಮಂದಿ. ಇದು ಆಫ್ ಇದ್ದರೆ ವಿಂಡೋಸ್ ಇರುವ ಡ್ರೈವ್ ಮಾತ್ರ ಅಳಿಸುತ್ತದೆ, ಡಿಯಲ್ಲಿದ್ದದ್ದು ಉಳಿಯುತ್ತದೆ. ನಿಮ್ಮ ಬಳಕೆಗಾದರೆ ಅದೇ ಬೇಕು. ಮಾರುವವರು ಇದನ್ನು ಆಫ್ ಬಿಟ್ಟರೆ, ಮನೆಯ ಫೋಟೊಗಳೆಲ್ಲ ಡಿ ಡ್ರೈವಿನಲ್ಲಿ ಕೂತು ಕೊಂಡವರ ಮನೆ ಸೇರುತ್ತವೆ.

'ಕ್ಲೀನ್ ಡೇಟಾ' ಸಾಮಾನ್ಯ ಬಳಕೆದಾರರಿಗೆ ಸಾಕು. ಅದು ಸರ್ಕಾರಿ ಅಥವಾ ಉದ್ಯಮಗಳ ಡೇಟಾ ಅಳಿಸುವ ಮಾನದಂಡಗಳಿಗೆ ಹೊಂದುವುದಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಕಚೇರಿಯ ಗೋಪ್ಯ ಕಡತ, ರೋಗಿಗಳ ಅಥವಾ ಗ್ರಾಹಕರ ವಿವರ ಇದ್ದ ಯಂತ್ರವಾದರೆ ಇನ್ನೊಂದು ಪದರ ಬೇಕು. ಎಸ್‌ಎಸ್‌ಡಿಯಲ್ಲಿ ನಾವು ಹೇಳಿದ ಜಾಗದ ಮೇಲೇ ಮತ್ತೆ ಬರೆಯುತ್ತದೆ ಎಂಬ ಖಾತ್ರಿ ಇಲ್ಲ, ಅದರ ಕಂಟ್ರೋಲರ್ ತನಗೆ ತೋಚಿದ ಕೋಶಕ್ಕೆ ಬರೆಯುತ್ತದೆ. ಹಾಗಾಗಿ ಮೊದಲು ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದೆಯೇ ನೋಡಿ, ಇಲ್ಲದಿದ್ದರೆ ಮಾಡಿ, ಆಮೇಲೆ ರಿಸೆಟ್ ಮಾಡಿ. ಕೀ ಅಳಿದ ಮೇಲೆ ಉಳಿದದ್ದನ್ನು ಯಾರೂ ಓದಲಾರರು. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲೇ 'ಸೆಕ್ಯೂರ್ ಇರೇಸ್' ಆಯ್ಕೆ ಇರುತ್ತದೆ. ಇದ್ದರೆ ಅದು ಇನ್ನೂ ಉತ್ತಮ, ಆದರೆ ಅದಾದ ಮೇಲೆ ವಿಂಡೋಸನ್ನು ಪೆನ್‌ಡ್ರೈವ್‌ನಿಂದಲೇ ಹಾಕಬೇಕಾಗುತ್ತದೆ.

ವಿಂಡೋಸ್ ತೆರೆಯದೇ ಇದ್ದಾಗ

ಲಾಗಿನ್ ಪರದೆಯವರೆಗೆ ಬರುತ್ತದೆ ಎಂದಾದರೆ, ಶಿಫ್ಟ್ ಕೀ ಒತ್ತಿ ಹಿಡಿದು ಪವರ್ ಮೆನುವಿನ 'ರೀಸ್ಟಾರ್ಟ್' ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ 'ಟ್ರಬಲ್‌ಶೂಟ್', ಅದರೊಳಗೆ 'ರಿಸೆಟ್ ದಿಸ್ ಪಿಸಿ'. ಅಲ್ಲಿಗೂ ಬರದಿದ್ದರೆ, ಆನ್ ಮಾಡಿ ಲೋಗೊ ಕಂಡ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ ತಾನೇ ರಿಪೇರಿ ಪರದೆಗೆ ಬರುತ್ತದೆ.

ತಯಾರಕರದೇ ಕೀಗಳೂ ಇವೆ: ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10, ಏಸಸ್‌ನ ಹಲವು ಮಾದರಿಗಳಲ್ಲಿ ಎಫ್9, ಡೆಲ್‌ನಲ್ಲಿ ಎಫ್12 ಒತ್ತಿದಾಗ ಬರುವ ಪಟ್ಟಿಯಲ್ಲಿ 'ಸಪೋರ್ಟ್‌ಅಸಿಸ್ಟ್'. ಲೆನೊವೊದ ಕೆಲವು ಮಾದರಿಗಳಲ್ಲಿ ಪಕ್ಕದಲ್ಲಿ ಪಿನ್‌ನಿಂದ ಒತ್ತುವಂಥ ಪುಟ್ಟ 'ನೊವೊ' ರಂಧ್ರವಿರುತ್ತದೆ. ಹಳೆಯ ವಿಂಡೋಸ್ 7 ಯಂತ್ರಗಳಿಗೆ ತಯಾರಕರು ಡಿಸ್ಕಿನಲ್ಲಿ ಮೀಸಲಿಟ್ಟ ಭಾಗ, ಅಂದರೆ ರಿಕವರಿ ಪಾರ್ಟಿಷನ್ನೇ ಗತಿ.

ಯಾವುದೂ ಆಗದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ 'ಮೀಡಿಯಾ ಕ್ರಿಯೇಷನ್ ಟೂಲ್' ಬಳಸಿ, ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವನ್ನು ಇನ್‌ಸ್ಟಾಲರ್ ಮಾಡಿಕೊಳ್ಳಿ. ಪ್ರಾಡಕ್ಟ್ ಕೀ ಕೇಳಿದಾಗ 'ನನ್ನಲ್ಲಿ ಕೀ ಇಲ್ಲ' ಎಂಬುದನ್ನು ಆರಿಸಿ, ಮೊದಲಿದ್ದ ಹೋಮ್ ಅಥವಾ ಪ್ರೊ ಆವೃತ್ತಿಯನ್ನೇ ಹಾಕಿ. ಇಲ್ಲಿ ಎರಡು ಕಡೆ ಸಿಕ್ಕಿಕೊಳ್ಳುವುದು ಸಾಮಾನ್ಯ. ಒಂದು, ಇಂಟೆಲ್‌ನ 11ನೇ ತಲೆಮಾರು ಮತ್ತು ಆನಂತರದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ, ಪಟ್ಟಿ ಖಾಲಿ ಇರುತ್ತದೆ. ಡಿಸ್ಕ್ ಸತ್ತಿತು ಎಂದು ಹೆದರಬೇಡಿ. ತಯಾರಕರ ತಾಣದಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿ, ಬಿಚ್ಚಿ, ಪೆನ್‌ಡ್ರೈವ್‌ಗೆ ಹಾಕಿ 'ಲೋಡ್ ಡ್ರೈವರ್' ಮೂಲಕ ತೋರಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಎರಡು, ವೈಫೈ ಡ್ರೈವರ್ ಇಲ್ಲದೆ ಮೊದಲ ಸೆಟಪ್ ಇಂಟರ್‌ನೆಟ್ ಕೇಳುವಲ್ಲೇ ನಿಂತುಬಿಡುತ್ತದೆ. ಆ ಡ್ರೈವರನ್ನೂ ಮೊದಲೇ ಎತ್ತಿಡಿ. ಇಲ್ಲವಾದರೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್‌ನೆಟ್ ಹಂಚುವ ಆಯ್ಕೆ) ಆನ್ ಮಾಡಿ ನೋಡಬಹುದು.

ಮ್ಯಾಕ್‌ಬುಕ್, ಕ್ರೋಮ್‌ಬುಕ್

ಮ್ಯಾಕ್‌ನಲ್ಲಿ ಕೆಲಸ ಸುಲಭ. ಆ್ಯಪಲ್‌ನದೇ ಎಂ ಸರಣಿಯ ಚಿಪ್ ಅಥವಾ ಟಿ2 ಚಿಪ್ (ಕೆಲವು ಇಂಟೆಲ್ ಮ್ಯಾಕ್‌ಗಳಲ್ಲಿರುವ ಆ್ಯಪಲ್‌ನ ಭದ್ರತಾ ಚಿಪ್) ಇದ್ದು, 2021ರ ಮಾಂಟೆರಿ ಅಥವಾ ಅದಕ್ಕಿಂತ ಹೊಸ ಮ್ಯಾಕ್‌ಒಎಸ್ ಇದ್ದರೆ 'ಸಿಸ್ಟಮ್ ಸೆಟ್ಟಿಂಗ್ಸ್', 'ಜನರಲ್', 'ಟ್ರಾನ್ಸ್‌ಫರ್ ಆರ್ ರಿಸೆಟ್'ಗೆ ಹೋಗಿ 'ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್' ಆರಿಸಿ. ಮಾಂಟೆರಿಯಲ್ಲಿ ಮಾತ್ರ ಇದು 'ಸಿಸ್ಟಮ್ ಪ್ರಿಫರೆನ್ಸಸ್' ತೆರೆದಾಗ ಮೇಲಿನ ಮೆನುವಿನಲ್ಲಿ ಸಿಗುತ್ತದೆ. ಡೇಟಾ ಮೊದಲೇ ಎನ್‌ಕ್ರಿಪ್ಟ್ ಆಗಿರುವುದರಿಂದ ಕೀ ನಾಶ ಮಾಡಿದರೆ ಮುಗಿಯಿತು. ಅದಕ್ಕೇ ಕೆಲವೇ ನಿಮಿಷ ಸಾಕು. ಆ್ಯಪಲ್ ಖಾತೆಯಿಂದ ಸೈನ್‌ಔಟ್, 'ಆ್ಯಕ್ಟಿವೇಷನ್ ಲಾಕ್' (ನಿಮ್ಮ ಖಾತೆಯ ಬೀಗ) ತೆಗೆಯುವುದು ಎಲ್ಲವೂ ಇದರಲ್ಲೇ ಆಗುತ್ತದೆ.

ಅದಕ್ಕಿಂತ ಹಳೆಯ ಇಂಟೆಲ್ ಮ್ಯಾಕ್ ಆದರೆ ಮೊದಲು ಕೈಯಾರೆ ಐಕ್ಲೌಡ್‌ನಿಂದ ಸೈನ್‌ಔಟ್ ಮಾಡಿ. ಆಮೇಲೆ ಕಮಾಂಡ್ ಮತ್ತು ಆರ್ ಒತ್ತಿ ಹಿಡಿದು ಆನ್ ಮಾಡಿ, 'ಡಿಸ್ಕ್ ಯುಟಿಲಿಟಿ'ಯಲ್ಲಿ ಡಿಸ್ಕ್ ಅಳಿಸಿ, 'ರೀಇನ್‌ಸ್ಟಾಲ್ ಮ್ಯಾಕ್‌ಒಎಸ್' ಆರಿಸಿ. ಸೈನ್‌ಔಟ್ ಮರೆತರೆ ಕೊಂಡವರು ನಿಮ್ಮ ಖಾತೆಯ ಬೀಗದ ಮುಂದೆ ಕೂರಬೇಕಾಗುತ್ತದೆ.

ಕ್ರೋಮ್‌ಬುಕ್‌ನಲ್ಲಿ ಇದರ ಹೆಸರು 'ಪವರ್‌ವಾಶ್'. ಸೈನ್‌ಔಟ್ ಆಗಿ, ಕಂಟ್ರೋಲ್, ಆಲ್ಟ್, ಶಿಫ್ಟ್ ಮತ್ತು ಆರ್ ಒಟ್ಟಿಗೆ ಒತ್ತಿ, 'ರೀಸ್ಟಾರ್ಟ್' ಆದ ಮೇಲೆ 'ಪವರ್‌ವಾಶ್' ಕೊಡಿ. ಗೂಗಲ್ ಡ್ರೈವ್‌ನಲ್ಲಿದ್ದದ್ದು ಸುರಕ್ಷಿತ, 'ಡೌನ್‌ಲೋಡ್ಸ್'ನಲ್ಲಿದ್ದದ್ದು ಹೋಗುತ್ತದೆ. ಶಾಲೆ ಅಥವಾ ಕಂಪನಿಯ ಹಿಡಿತದಲ್ಲಿರುವ ಕ್ರೋಮ್‌ಬುಕ್‌ಗಳಲ್ಲಿ ಇದನ್ನು ಬಳಕೆದಾರರು ಮಾಡಲು ಬರುವುದಿಲ್ಲ. ಲಿನಕ್ಸ್ ಬಳಸುವವರು ಸಾಮಾನ್ಯವಾಗಿ ಪೆನ್‌ಡ್ರೈವ್‌ನಿಂದ ಹೊಸದಾಗಿಯೇ ಹಾಕಿಕೊಳ್ಳುತ್ತಾರೆ.

ರಿಸೆಟ್ ಮುಗಿದ ಮೇಲೆ

ಬೇರೆಯವರಿಗೆ ಕೊಡುವ ಲ್ಯಾಪ್‌ಟಾಪ್ ಆದರೆ ದೇಶ, ಭಾಷೆ ಕೇಳುವ ಮೊದಲ ಪರದೆಯಲ್ಲೇ ನಿಲ್ಲಿಸಿ, ಪವರ್ ಬಟನ್ ಒತ್ತಿ ಆಫ್ ಮಾಡಿ. ನಿಮ್ಮ ಖಾತೆ ಹಾಕಿ ಪರೀಕ್ಷಿಸಲು ಹೋಗಬೇಡಿ. ಮೈಕ್ರೋಸಾಫ್ಟ್ ಖಾತೆಯ ತಾಣದಲ್ಲಿ ನಿಮ್ಮ ಸಾಧನಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿ.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಹಣ ಕೊಡುವ ಮುನ್ನ ವೈಫೈ ಜೋಡಿಸಿ ಸೆಟಪ್ ಸ್ವಲ್ಪ ಮುಂದಕ್ಕೆ ಕೊಂಡೊಯ್ದು ನೋಡಿ. ಯಾವುದೋ ಸಂಸ್ಥೆಯ ಹೆಸರು ಕಂಡು, ಅದರ ಖಾತೆಯಿಂದಲೇ ಸೈನ್‌ಇನ್ ಆಗಿ ಎಂದರೆ, ಆ ಯಂತ್ರ ಇನ್ನೂ ಆ ಸಂಸ್ಥೆಯ ನೋಂದಣಿಯಲ್ಲಿದೆ. ಎಷ್ಟು ಸಲ ರಿಸೆಟ್ ಮಾಡಿದರೂ ಆ ಪರದೆ ಮರಳಿ ಬರುತ್ತದೆ. ಅದನ್ನು ತೆಗೆಸಬೇಕಾದವರು ಆ ಸಂಸ್ಥೆಯವರೇ.

ನಿಮ್ಮದೇ ಲ್ಯಾಪ್‌ಟಾಪ್ ಆದರೆ ಖಾತೆಯಿಂದ ಒಳಬಂದ ಮೇಲೆ ಮೊದಲ ಕೆಲಸ ವಿಂಡೋಸ್ ಅಪ್‌ಡೇಟ್. ಹೊಸದೇನೂ ಉಳಿದಿಲ್ಲ ಎನ್ನುವವರೆಗೂ ಮತ್ತೆ ಮತ್ತೆ 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿ. ಬಹುಪಾಲು ಡ್ರೈವರ್‌ಗಳು ಅದರಲ್ಲೇ ಬಂದುಬಿಡುತ್ತವೆ. ಟಚ್‌ಪ್ಯಾಡ್, ಬೆರಳಚ್ಚು, ಧ್ವನಿ ಸರಿಯಿಲ್ಲದಿದ್ದರೆ ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ ಹೆಸರಿನಿಂದ ಹುಡುಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರಕ್ಕೆ 11 ಹಾಕಲು ಅರ್ಹತೆ ಇದ್ದರೆ, ತಂತ್ರಾಂಶಗಳನ್ನೆಲ್ಲ ಹಾಕಿಕೊಳ್ಳುವ ಮುಂಚೆ ಈಗಲೇ ಏರಿಸಿಕೊಳ್ಳಿ.

ವೈರಸ್ ಕಾರಣಕ್ಕೆ ರಿಸೆಟ್ ಮಾಡಿದವರು ಬ್ಯಾಕಪ್ ಡಿಸ್ಕನ್ನು ಜೋಡಿಸಿದ ಕೂಡಲೇ ಫೈಲ್ ತೆರೆಯಬೇಡಿ. ಮೊದಲು ವಿಂಡೋಸ್ ಸೆಕ್ಯುರಿಟಿಯಿಂದ ಪೂರ್ತಿ ಸ್ಕ್ಯಾನ್ ಮಾಡಿ, ದಾಖಲೆ ಮತ್ತು ಫೋಟೊಗಳನ್ನು ಮಾತ್ರ ತನ್ನಿ. ಹಳೆಯ ಸೆಟಪ್ ಫೈಲ್‌ಗಳನ್ನು, ಕ್ರ್ಯಾಕ್ ಮಾಡಿದ ತಂತ್ರಾಂಶಗಳನ್ನು ಅಲ್ಲೇ ಬಿಟ್ಟು ಅಳಿಸಿ. ಪಾಸ್‌ವರ್ಡ್‌ಗಳನ್ನೂ ಬದಲಿಸಿ, ಏಕೆಂದರೆ ಕದ್ದುಹೋದ ಪಾಸ್‌ವರ್ಡನ್ನು ರಿಸೆಟ್ ವಾಪಸ್ ತರುವುದಿಲ್ಲ. ಇಮೇಲ್ ಮತ್ತು ಬ್ಯಾಂಕ್ ಮೊದಲು.

ಬ್ಯಾಕಪ್ ಡಿಸ್ಕಿನಲ್ಲಿರುವುದನ್ನು ಅವಸರಪಟ್ಟು ಅಳಿಸಬೇಡಿ. ಏನೋ ಒಂದು ಫೈಲ್ ಬಿಟ್ಟುಹೋಗಿದೆ ಎಂದು ತಿಳಿಯುವುದು ಅದು ಬೇಕಾದ ದಿನವೇ. ಕೆಲವು ತಿಂಗಳು ಅದು ಹಾಗೇ ಒಂದು ಕಡೆ ಇರಲಿ.